ಸಡಾ ಇಳಿಜಾರಿನ ಕಳ್ಳಸ್ವಿಚ್

ಊರಲ್ಲಿ ಗಾಡಿ ಕಳುವಾದ ಸುದ್ದಿ ಬಂದರೆ ಮರುದಿನ ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿತ್ತು. ಆ ವರ್ಷಗಳಲ್ಲಿ ಸುದ್ದಿಗೂ ಬರವಿರಲಿಲ್ಲ, ಸಾಲಿಗೂ ಬರವಿರಲಿಲ್ಲ. ಇವತ್ತು ಮಡಗಾಂವಿನಲ್ಲಿ ಒಂದು ಜೀಪು, ನಾಳೆ ಪಣಜಿಯಲ್ಲಿ ಒಂದು ಕಾರು. ಒಮ್ಮೆಯಂತೂ ಟ್ಯಾಕ್ಸಿಯವನೊಬ್ಬನನ್ನು ಹೆದ್ದಾರಿಯಲ್ಲೇ ಇಳಿಸಿ ಗಾಡಿ ಹೊಡೆದುಕೊಂಡು ಹೋದರು. ವಾಸ್ಕೋ ಬಂದರಿನ ಮೇಲಿನ ಸಡಾ ಗುಡ್ಡದ ರಸ್ತೆ ಇಳಿದು ಸಪಾಟಾಗುವಲ್ಲಿ ನನ್ನ ಅಂಗಡಿ. ಗಾಡಿಗಳ ವೈರಿಂಗ್ ಕೆಲಸ. ಕಳ್ಳರು ಕೊಟ್ಟಷ್ಟು ಕೆಲಸ ನನಗೆ ಗೋವಾದ ಮಳೆಯೂ ಕೊಟ್ಟಿಲ್ಲ.

ಅಲಾರಾಂ

ಮೊದಮೊದಲು ಎಲ್ಲರೂ ಕೇಳುತ್ತಿದ್ದುದು ಅಲಾರಾಂ. ವಾಸ್ಕೋದ ಸಾಹೇಬರೊಬ್ಬರು ಇದ್ದುದರಲ್ಲೇ ಜೋರಿನದ್ದು ಹಾಕಿಸಿಕೊಂಡರು. ಅದು ಬೆಕ್ಕು ಹತ್ತಿದರೂ ಕೂಗುತ್ತಿತ್ತು, ಗಾಳಿಗೆ ತೆಂಗಿನ ಗರಿ ಬಿದ್ದರೂ ಕೂಗುತ್ತಿತ್ತು. ಮೊದಲ ವಾರ ಕಟ್ಟಡದವರೆಲ್ಲ ಓಡಿ ಕೆಳಗೆ ಬಂದರು. ಎರಡನೆಯ ವಾರ ಕಿಟಕಿಗೆ ಬಂದರು. ಆಮೇಲೆ ಕಿಟಕಿ ಮುಚ್ಚಿಕೊಂಡರು.

ಒಂದು ಮಧ್ಯಾಹ್ನ ಕಳ್ಳ ಖರೇನೇ ಬಂದ. ಬಾಗಿಲು ತೆಗೆದ. ಅಲಾರಾಂ ಕೂಗಿತು. ಸಾಹೇಬರು ನಿದ್ದೆಗಣ್ಣಿನಲ್ಲಿ ಗ್ಯಾಲರಿಗೆ ಬಂದು, ಕೆಳಗೆ ಯಾರೋ ಬಗ್ಗಿ ಕೂತಿರುವುದನ್ನು ಕಂಡು, ಮೇಲಿನಿಂದಲೇ ಕೂಗಿದರು: "ಯಾರಪಾ ಅಲ್ಲಿ? ಲಗೂನ ಬಂದ್ ಮಾಡು ಅದನ್ನ!"

ಕಳ್ಳ ಮಾತು ಕೇಳುವವನು. ವೈರು ಕತ್ತರಿಸಿ ಬಂದ್ ಮಾಡಿದ. ಹೋಗುವಾಗ ಟೇಪ್‌ರೆಕಾರ್ಡರ್ ಒಯ್ದ.

ಮರುದಿನ ಸಾಹೇಬರು ಗಾಡಿ ನನ್ನಲ್ಲಿ ಬಿಟ್ಟು ಹೋದರು. ಅವರ ಹಿಂದೆಯೇ ಪಕ್ಕದ ಮನೆಯವರು ಬಂದು, ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಹೇಳಿದರು: "ಮಿಸ್ತ್ರಿ, ಟೇಪ್ ಹೊಸಾದು ಹಾಕ್ರಿ. ಅಲಾರಾಂ ಮಾತ್ರ ಆ ಪುಣ್ಯಾತ್ಮ ಹೆಂಗ ಬಿಟ್ಟು ಹೋಗ್ಯಾನ, ಹಂಗ ಇರ್ಲಿ."

ಗುಟ್ಟು

ಆಮೇಲೆ ನಾನು ಕಳ್ಳಸ್ವಿಚ್ ಹಾಕಲು ಶುರು ಮಾಡಿದೆ. ಬೆರಳಿನ ತುದಿಯಷ್ಟು ಸ್ವಿಚ್. ಗಾಡಿಯೊಳಗೆ ಎಲ್ಲೋ ಒಂದು ಕಡೆ ಅಡಗಿರುತ್ತದೆ. ಅದನ್ನು ಆರಿಸಿಟ್ಟರೆ ಚಾವಿ ತಿರುಗುತ್ತದೆ, ಎಂಜಿನ್ ತಿರುಗುತ್ತದೆ, ಗಾಡಿ ಮಾತ್ರ ಚಾಲೂ ಆಗುವುದಿಲ್ಲ. ನನ್ನದು ಒಂದೇ ನಿಯಮ: ಜಾಗ ಎಲ್ಲಿದೆ ಎಂದು ಮಾಲಕರಿಗಷ್ಟೇ ಹೇಳುತ್ತಿದ್ದೆ, ಅದೂ ಒಳಗೆ ಕರೆದು.

ನಿವೃತ್ತರೊಬ್ಬರು ಹಾಕಿಸಿಕೊಂಡರು. ಕೆಲ ದಿನಗಳ ಮೇಲೆ ಮೀನು ಮಾರ್ಕೆಟ್ಟಿನಿಂದ ಅವರ ಫೋನ್.

"ಮಿಸ್ತ್ರಿ, ಗಾಡಿ ಚಾಲೂ ಆಗವಲ್ದು. ಆ ಸ್ವಿಚ್ ಎಲ್ಲಿ ಇಟ್ಟಿದ್ರಿ? ಮೆಲ್ಲಕ ಹೇಳ್ರಿ, ಸುತ್ತ ಮಂದಿ ಅದಾರ."

ನಾನು ದನಿ ಇಳಿಸಿ ಬಾಯಿ ತೆರೆಯುವಷ್ಟರಲ್ಲಿ ಫೋನಿನಲ್ಲಿ ಮೀನು ಮಾರುವವಳ ದೊಡ್ಡ ದನಿ ಕೇಳಿಸಿತು. ಕೊಂಕಣಿಯಲ್ಲಿ ಅವಳು ಹೇಳುತ್ತಿದ್ದಳು: "ಸೀಟಿನ ಕೆಳಗೆ ಎಡಕ್ಕೆ ಕೈ ಹಾಕಿ ಬಾಬ್! ಹೋದ ವಾರ ನಮಗೆಲ್ಲ ನೀವೇ ತೋರಿಸಿದ್ದು ಮರೆತಿರಾ?"

ಮಾಲಕರು

ಸಡಾದ ಮೇಲಿನ ಗಲ್ಲಿಯಲ್ಲಿ ನಮ್ಮ ವಿಜಾಪುರ ಕಡೆಯ ಗಂಡ-ಹೆಂಡತಿ ಇದ್ದರು. ಗಂಡ ಬಂದರಿನಲ್ಲಿ ಹಮಾಲಿ, ಹೆಂಡತಿ ಕಡಲದಂಡೆಯಲ್ಲಿ ಮಣಿಸರದ ವ್ಯಾಪಾರ. ಹೀಗೆ ವರ್ಷಗಟ್ಟಲೆ ದುಡಿದು ಒಂದು ಹಳೆಯ ಬಿಳಿ ವ್ಯಾನ್ ತೆಗೆದುಕೊಂಡಿದ್ದರು. ಅದರಲ್ಲಿ ಅವನು ಗಲ್ಲಿಯ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುತ್ತಿದ್ದ. ಮನೆಯ ಒಲೆ ಉರಿಯುತ್ತಿದ್ದುದು ಆ ವ್ಯಾನಿನಿಂದ.

ಕಳ್ಳಸ್ವಿಚ್ ಹಾಕಿಸು ಎಂದರೆ ನಗುತ್ತಿದ್ದ. "ತುಡುಗರಿಗೆ ಕಣ್ಣಿಲ್ಲೇನ್ರಿ? ನನ್ನ ಗಾಡಿ ನೋಡಿದ್ರ ಅವರ ಕೈಯಾಗಿಂದ ಏನರ ಕೊಟ್ಟು ಹೋಗ್ತಾರ."

ಕೊನೆಗೆ ಹೆಂಡತಿಯೇ ಅವನನ್ನೂ ವ್ಯಾನನ್ನೂ ಎಳೆದುಕೊಂಡು ಬಂದಳು. "ಅಣ್ಣಾರ, ಇವರ ಮಾತ ಕೇಳಬ್ಯಾಡ್ರಿ. ಈ ಗಾಡಿ ಹೋದ್ರ ನಾವು ಮತ್ತ ತಲಿ ಮ್ಯಾಲ ಚೀಲಾ ಹೊರಬೇಕು. ಹಾಕ್ರಿ."

ಹಾಕಿದೆ. ಕೆಲಸ ಮುಗಿಸಿ, "ಮಾಲಕರು ಒಳಗ ಬರ್ರಿ, ಜಾಗ ತೋರಸ್ತೀನಿ" ಎಂದೆ. ಗಂಡ ಒಂದು ಹೆಜ್ಜೆ ಮುಂದಿಟ್ಟ. ಅವಳು ಅವನ ಅಂಗಿ ಹಿಡಿದು ಹಿಂದಕ್ಕೆ ನಿಲ್ಲಿಸಿ ತಾನು ಬಂದಳು.

"ಇವರಿಗೆ ತೋರಿಸಿದ್ರ ಸಂಜೀಕ ಚಾದ ಅಂಗಡಿಗೆಲ್ಲ ಗೊತ್ತಾಕ್ಕೈತ್ರಿ. ಮಾಲಕರು ನಾನ. ಇವರು ಡ್ರೈವರ್ ಅದಾರ."

ದಬ್ಬಿದವರು

ಅಂದಿನಿಂದ ಅವನು ಮನೆಗೆ ಬಂದೊಡನೆ ಅವಳು ಹೋಗಿ ಸ್ವಿಚ್ ಆರಿಸುವಳು, ಹೊರಡುವ ಮುನ್ನ ಹಾಕಿ ಕೊಡುವಳು. ಎಲ್ಲಿದೆಯೆಂದು ಅವನಿಗೆ ತಿಳಿಯದು.

ಮಳೆಗಾಲದ ಒಂದು ದಿನ, ಶಾಲೆ ಬಿಡಲು ಇನ್ನೂ ಹೊತ್ತಿತ್ತು. ಅವನು ಉಂಡು ಮಲಗಿದ್ದ. ಎದ್ದು ನೋಡಿದರೆ ಗಲ್ಲಿಯ ಬಾಯಲ್ಲಿ ವ್ಯಾನ್ ಇಲ್ಲ. ಗೋಣಿಚೀಲದ ಕೊಪ್ಪೆಯನ್ನು ಕಣ್ಣಿನವರೆಗೆ ಎಳೆದುಕೊಂಡು, ಬರಿಗಾಲಲ್ಲಿ, ಅಳುತ್ತ, ಇಳಿಜಾರಿನಲ್ಲಿ ನನ್ನ ಅಂಗಡಿಯ ಕಡೆ ಓಡಿಬಂದ.

ಕಳ್ಳ ಬಾಗಿಲು ತೆಗೆದಿದ್ದ, ಯಾವುದೋ ಸವೆದ ಚಾವಿ ತೂರಿಸಿದ್ದ. ಎಂಜಿನ್ ಹತ್ತಲಿಲ್ಲ. ಇಳಿಜಾರು ಇದೆಯಲ್ಲ ಎಂದು ಹ್ಯಾಂಡ್‌ಬ್ರೇಕ್ ಬಿಟ್ಟ. ಗಾಡಿ ಉರುಳಿತು, ಉರುಳುತ್ತ ಗಿಯರ್ ಹಾಕಿದರೂ ಹತ್ತಲಿಲ್ಲ, ಕೆಳಗೆ ಸಪಾಟು ಬಂದಲ್ಲಿ ನಿಂತಿತು. ನಮ್ಮ ಮಂದಿಗೆ ಒಂದು ಅಭ್ಯಾಸವಿದೆ. ನಿಂತ ಗಾಡಿ ಕಂಡರೆ ಯಾರದೆಂದು ಕೇಳುವುದಿಲ್ಲ, ದಬ್ಬುತ್ತಾರೆ. ಬಂದರಿನಿಂದ ಮರಳುತ್ತಿದ್ದ ಹಮಾಲರು ಸೇರಿ, ಮಳೆಗೆ ಮುಖ ತಪ್ಪಿಸಲು ಬೆನ್ನು ಕೊಟ್ಟು ದಬ್ಬತೊಡಗಿದರು.

ಅಷ್ಟರಲ್ಲಿ ಇವನು ಬಂದ. ಒಬ್ಬ ಕೂಗಿದ: "ಏ ಮಾವಾ, ಸುಮ್ನ ಓಡ್ತೀಯಲ್ಲ, ಕೈ ಹಚ್ಚು!"

ಹೇಗೂ ನನ್ನ ಅಂಗಡಿಯ ದಾರಿ. ಇವನೂ ತಿರುಗಿ ಬೆನ್ನು ಹಚ್ಚಿದ. ದಬ್ಬುತ್ತಲೇ ಪಕ್ಕದವನಿಗೆ ಹೇಳಿಕೊಂಡ: "ನನ್ನ ಗಾಡಿ ತುಡುಗಾಗೇತಪಾ. ಬಿಳಿ ವ್ಯಾನು. ಕಂಡ್ರೇನು?"

"ಮೊದಲ ಇದನ್ನ ದಬ್ಬೋ ಮಾರಾಯಾ. ಆಮ್ಯಾಲ ಎಲ್ಲಾರೂ ಕೂಡಿ ನಿಂದನ್ನ ಹುಡುಕೂನು."

ಗಾಡಿ ನನ್ನ ಅಂಗಡಿಯ ಮುಂದೆ ಬಂದು ನಿಂತಿತು. ಕಳ್ಳ ಇಳಿದು, "ಉಸ್ತಾದ್, ಸ್ಟಾರ್ಟ್ ನಹೀ ಹೋ ರಹಾ" ಎಂದ.

ಗಾಡಿಯ ಗುರುತು ಹತ್ತಿತು. ಡ್ರೈವರ್ ಇಟ್ಟಿರಬೇಕು ಅಂದುಕೊಂಡು, "ಮಾಲಕರು ಯಾರು?" ಎಂದು ಕೇಳಿದೆ.

"ಮೈ ಹೀ" ಎಂದು ಎದೆ ತಟ್ಟಿಕೊಂಡ.

ಈ ಗಾಡಿಯ ಮಾಲಕರು ಯಾರೆಂದು ನನಗೆ ಮೊದಲೇ ಒಮ್ಮೆ ಸ್ಪಷ್ಟವಾಗಿ ತಿಳಿಸಲಾಗಿತ್ತು. "ಬೈಠೋ" ಎಂದು ಬೆಂಚು ತೋರಿಸಿದೆ. ಆಗಲೇ ಹಿಂದಿನಿಂದ ಇವನು ಬಂದ. ಒಂದು ಕೈಯನ್ನು ಗಾಡಿಯ ಬಾಗಿಲಿಗೆ ಊರಿ, ಇನ್ನೊಂದು ಕೈಯಿಂದ ಕಣ್ಣೊರೆಸುತ್ತ, "ಮಿಸ್ತ್ರೀ, ನನ್ನ ಗಾಡಿ ಹೋತ್ರೀ!" ಎಂದ.

"ಕೈ ಎಲ್ಲಿ ಇಟ್ಟೀದಿ, ನೋಡು" ಎಂದೆ.

ನೋಡಿದ. ಕೊಪ್ಪೆ ತೆಗೆದು ಮತ್ತೆ ನೋಡಿದ. ಆಮೇಲೆ ಅವನು ಹಾಕಿದ ಕೂಗಿಗೆ ಹಮಾಲರು ಕಳ್ಳನನ್ನು ಸುತ್ತುವರಿದರು. ಅವರ ಸಿಟ್ಟು ಕಳ್ಳತನಕ್ಕಿಂತ, ತಮ್ಮಿಂದ ದಬ್ಬಿಸಿದ್ದಕ್ಕೆ.

ಹೆಂಡತಿ ಛತ್ರಿ ಹಿಡಿದು ಸಾವಕಾಶವಾಗಿ ಇಳಿದು ಬಂದಳು. "ಎಲ್ಲಿಗೆ ಹೋಗ್ತೈತಿ ಅದು? ಸ್ವಿಚ್ ಆರಿಸಿದ್ನಲ್ಲ" ಎನ್ನುತ್ತ ಒಳಗೆ ಕೈ ಹಾಕಿ ಸ್ವಿಚ್ ಹಾಕಿದಳು. ಗಂಡ ಚಾವಿ ತಿರುಗಿಸಿದ. ಕಳ್ಳ ತಿರುಗಿಸಿ ತಿರುಗಿಸಿ ಬ್ಯಾಟರಿ ಇಳಿದುಹೋಗಿತ್ತು. ಶಾಲೆ ಬಿಡುವ ಹೊತ್ತಾಗಿತ್ತು.

"ದಬ್ಬಬೇಕಲ್ರಪಾ" ಎಂದ ಗಂಡ.

"ನಮ್ಮ ಪಾಳಿ ಮುಗೀತು" ಎಂದರು ಹಮಾಲರು, ಕಳ್ಳನನ್ನು ನೋಡುತ್ತ.

ಕಳ್ಳ ಒಬ್ಬನೇ ದಬ್ಬಿದ. ಚೆನ್ನಾಗಿಯೇ ದಬ್ಬಿದ. ಎಂಜಿನ್ ಹತ್ತಿತು, ವ್ಯಾನ್ ಮಕ್ಕಳನ್ನು ಕರೆತರಲು ಹೋಯಿತು. ಪೊಲೀಸರು ಬಂದು ಜೀಪು ಹತ್ತಿಸುವಾಗ ಕಳ್ಳ ನನ್ನ ಕಡೆ ತಿರುಗಿ, ಕೆಲಸ ಬಲ್ಲವನು ಕೇಳುವಂತೆಯೇ ಹಿಂದಿಯಲ್ಲಿ ಕೇಳಿದ: "ಉಸ್ತಾದ್, ಆ ಸ್ವಿಚ್ ಎಲ್ಲಿತ್ತು?"

"ಅದನ್ನ ನಾನು ಮಾಲಕರಿಗಷ್ಟ ಹೇಳೂದಪಾ" ಎಂದೆ.