ಬಾಗಿಲ ಕೆಳಗಿನ ಕಬ್ಬಿಣ

ಜೀಪು ಇಟ್ಟುಕೊಂಡವನ ಮನೆಯಲ್ಲಿ ನಗುವಿಗೆ ಬರ ಅಂತ ಬರೋದೇ ಇಲ್ಲ. ನಗೋರು ಊರಿನವರು, ಬೆವರೋನು ನಾನು, ಅಷ್ಟೇ.

ನಮ್ಮ ಮನೆ ಅಜ್ಜಂಪುರದಿಂದ ಬುಕ್ಕಾಂಬುಧಿಗೆ ಹೋಗುವ ರಸ್ತೆಯಲ್ಲಿದೆ. ಅಪ್ಪನಿಗೆ ತೆಂಗಿನ ತೋಟ, ನನಗೆ ಒಂದು ಹಳೇ ಫೋರ್ ವೀಲ್ ಜೀಪು. ಕೆಮ್ಮಣ್ಣುಗುಂಡಿ ನೋಡಲು ಬಂದವರನ್ನು ತರೀಕೆರೆ ಸ್ಟೇಷನ್ನಿನಲ್ಲಿ ಹತ್ತಿಸಿಕೊಂಡು, ಹಳೇ ಗಣಿ ದಾರಿಯಲ್ಲಿ ಗುಡ್ಡ ಹತ್ತಿಸಿ, ತಿರುಗಿ ತಂದು ಬಿಡುವುದು ನನ್ನ ಕೆಲಸ. ಬೇರೆ ಕೆಲಸ ನನಗೆ ಬರಲ್ಲ, ಬೇಕಾಗೂ ಇಲ್ಲ. ಇರೋದು ಒಂದೇ ತೊಡಕು. ಜೀಪಿನ ಆರ್‌ಸಿ ಅಪ್ಪನ ಹೆಸರಲ್ಲಿದೆ.

ಹೆಡ್‌ಮಾಸ್ಟರು ಇಳಿಯಲಿಲ್ಲ

ಜೀಪಿನ ಬಾಗಿಲ ಕೆಳಗೆ ಉದ್ದಕ್ಕೂ ಒಂದು ತಗಡಿನ ಅಂಚು ಇರುತ್ತೆ. ಗಾಡಿ ಜಾರಿ ಕಲ್ಲಿನ ಮೇಲೆ ಕೂತರೆ ಮೊದಲು ಅಪ್ಪಚ್ಚಿಯಾಗೋದು ಅದೇ. ಅದು ಮೇಲಕ್ಕೆ ಮಡಚಿಕೊಂಡರೆ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತೆ, ಆಮೇಲೆ ಯಾರು ಎಳೆದರೂ ಬರಲ್ಲ.

ನಮ್ಮೂರ ರಿಟೈರ್ಡ್ ಹೆಡ್‌ಮಾಸ್ಟರು ಒಂದು ದಿನ ಗುಡ್ಡ ನೋಡಬೇಕು ಅಂತ ಬಂದು ಮುಂದಿನ ಸೀಟಿನಲ್ಲಿ ಕೂತರು. ಅರ್ಧ ಅಜ್ಜಂಪುರಕ್ಕೆ ಪಾಠ ಹೇಳಿದವರು, ನನಗೂ ಹೇಳಿದವರು. ಗುಡ್ಡ ಇಳಿಯುವಾಗ ಅವರ ಕಡೆಯ ಚಕ್ರ ಜಾರಿ, ಗಾಡಿ ಧಡ್ ಅಂತ ಕಲ್ಲಿನ ಮೇಲೆ ಕೂತಿತು. ಜ್ಯಾಕು ಕೊಟ್ಟು ಗಾಡಿಯನ್ನೇನೋ ಎಬ್ಬಿಸಿದೆ. ಅವರ ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ.

"ಸಾರ್, ಗೇರು ದಾಟಿ ನನ್ನ ಕಡೆಯಿಂದ ಇಳಿದುಬಿಡಿ."

"ನಾನು ಬಾಗಿಲಲ್ಲಿ ಹತ್ತಿದೋನು ಕಣಯ್ಯ. ಬಾಗಿಲಲ್ಲೇ ಇಳಿಯೋನು."

ತರೀಕೆರೆಯಲ್ಲಿ ಕಾಫಿಯನ್ನು ಕಿಟಕಿಯಲ್ಲೇ ಕೊಟ್ಟೆ. ಮುಖ ಗಂಟಿಕ್ಕಿಕೊಂಡೇ ಕುಡಿದರು. ಅಜ್ಜಂಪುರದ ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಸುದ್ದಿ ನಮಗಿಂತ ಮುಂಚೆ ಬಂದಿತ್ತು. ಹಾರೆ ತಂದವರು, ಉಪಾಯ ಹೇಳುವವರು, ಸುಮ್ಮನೆ ನೋಡುವವರು, ಎಲ್ಲ ಅವರ ಹಳೇ ಶಿಷ್ಯರೇ. ಕೊನೆಗೆ ಎಲ್ಲರೂ ಸೇರಿ ಅವರನ್ನು ಕಿಟಕಿಯಿಂದ ಎಳೆದುಕೊಂಡೆವು.

ನೆಲಕ್ಕೆ ಕಾಲು ತಾಗಿದ ಮೇಲೆ ಅವರು ಅಂಗಿ ಸರಿಮಾಡಿಕೊಂಡು, ಕನ್ನಡಕ ಏರಿಸಿಕೊಂಡು, ಗುಂಪಿನ ಮೇಲೆ ಕಣ್ಣಾಡಿಸಿದರು. "ಯಾಕ್ರೋ ಎಲ್ಲ ನಿಂತಿದೀರ? ಕೂತ್ಕೊಳ್ಳಿ" ಅಂದರು. ಬಸ್‌ಸ್ಟ್ಯಾಂಡಿನ ಮಣ್ಣಲ್ಲಿ ನಾಲ್ಕೈದು ಜನ ಕೂತೇಬಿಟ್ಟರು. ಅವರಲ್ಲಿ ನಾನೂ ಒಬ್ಬ.

ಟೇಪು ಹಿಡಿದು ಬಂದವನು

ಅಪ್ಪ ಬಯ್ಯಲಿಲ್ಲ. ಅಪ್ಪ ಬಯ್ಯದೆ ಇದ್ದರೆ ಮುಂದೆ ಏನೋ ದೊಡ್ಡದೇ ಇದೆ ಅಂತ ಲೆಕ್ಕ. ಊಟ ಮಾಡಿ, ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಾ ಹೇಳಿದರು:

"ನಮ್ಮೂರ ಮೇಷ್ಟ್ರನ್ನ ಕಿಟಕೀಲಿ ಇಳಿಸ್ದೆ. ಇನ್ನು ಸಾಕು. ಭಾನುವಾರ ನಾನೂ ನಿಮ್ಮಮ್ಮನೂ ಗಾಡೀಲಿ ಬತ್ತೀವಿ. ಅದೇ ದಾರೀಲಿ ಹತ್ಸು. ಮೇಲೆ ಹೋದ್ಮೇಲೆ ಎಲ್ಲಾ ಬಾಗಿಲೂ ತೆಗೆದು ಹಾಕಿ ತೋರ್ಸು. ಒಂದು ಸಿಕ್ಕಾಕ್ಕೊಂಡ್ರೂ ಗಾಡಿ ಮಾರ್ತೀನಿ."

ಕೊಳ್ಳುವವನು ಆಗಲೇ ಸಿದ್ಧನಿದ್ದ. ಕಡೂರಿನ ಕಡೆಯ ಕೋಳಿ ಫಾರಂನವನು, ದಪ್ಪನೆಯ ಆಸಾಮಿ. ಹೆಡ್‌ಮಾಸ್ಟರ ಕಥೆ ಅವನ ಕಿವಿಗೂ ಬಿದ್ದಿತ್ತು. ಮಾರನೇ ಬೆಳಿಗ್ಗೆಯೇ ಟೇಪು ಹಿಡಿದು ಬಂದ. ನನ್ನನ್ನು ಮಾತಾಡಿಸದೆ ಹಿಂದಿನ ಬಾಗಿಲು ತೆಗೆದು ಉದ್ದ ಅಳೆದ, ಅಗಲ ಅಳೆದ, ಸೀಟು ಅಲ್ಲಾಡಿಸಿದ.

"ಇವನ್ನೆಲ್ಲ ಕಿತ್ತಾಕಿದ್ರೆ ಕೋಳಿಗೆ ಗಾಳಿ ಚೆನ್ನಾಗಾಡುತ್ತೆ" ಅಂದ. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಅಪ್ಪ ಜಗಲಿಯಲ್ಲೇ ಕೂತಿದ್ದರು. ಹಲ್ಲು ಕಚ್ಚಿಕೊಂಡು ನಿಂತೆ.

ಹೋಗುವ ಮುಂಚೆ ಮುಂದುಗಡೆ ಬಂದು, ನಾನು ದಿನಾ ಕೂರುವ ಸೀಟಿನ ಪಕ್ಕದ ಜಾಗವನ್ನು ಗೇಣು ಹಾಕಿ ನೋಡಿದ. "ಇದಿರ್ಲಿ ಬಿಡಿ, ಮೊಟ್ಟೆಗಾಗುತ್ತೆ."

ಶೋಗೆ ಇಟ್ಟಿದ್ದು

ಮೇಷ್ಟ್ರ ಕಡೆಯ ಬಾಗಿಲನ್ನೇನೋ ತಟ್ಟಿಸಿ ಸರಿಮಾಡಿಸಿಕೊಂಡೆ. ಮತ್ತೆ ಸಿಕ್ಕಿಹಾಕಿಕೊಳ್ಳದ ಹಾಗೆ ಬಾಗಿಲ ಕೆಳಗೆ ಕಾವಲು ಕಬ್ಬಿಣ ಹಾಕಿಸೋದೊಂದೇ ದಾರಿ. ಅದಕ್ಕೆ ರಾಕ್ ಸ್ಲೈಡರ್ ಅಂತಾರೆ. ದಪ್ಪ ಪೈಪು, ಗಾಡಿಯ ಅಡಿಯ ಚಾಸಿಗೇ ಬಿಗಿದಿರಬೇಕು. ಕಲ್ಲು ಸಿಕ್ಕಿದರೆ ಗಾಡಿಯ ಭಾರವೆಲ್ಲ ಆ ಪೈಪಿನ ಮೇಲೆ ಕೂತು, ಜಾರಿಕೊಂಡು ಮುಂದಕ್ಕೆ ಹೋಗುತ್ತೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಇಷ್ಟು ತಿಳಿದುಕೊಂಡಿದ್ದೆ.

ಬಸ್ಸಿನಲ್ಲಿ ಕಡೂರಿಗೆ ಹೊರಟಾಗ ಅಮ್ಮನೂ ಬಂದಳು. ಅವಳಿಗೆ ಮಂಡಿ ನೋವು. ಜೀಪಿನ ಎತ್ತರಕ್ಕೆ ಕಾಲು ಎತ್ತೋಕಾಗಲ್ಲ. "ದಿನಾ ಯಾರ್ಯಾರನ್ನೋ ಕರ್ಕೊಂಡೋಗಿ ಗುಡ್ಡ ತೋರಿಸ್ತೀಯ. ಹೆತ್ತೋಳು ಇವತ್ತಿಗೂ ನೋಡಿಲ್ಲ. ಕಾಲಿಡೋಕೆ ಏನಾದ್ರೂ ಇರೋದನ್ನೇ ತಗೋ ಕಣೋ" ಅಂದಳು. ಆ ಮಾತು ನನಗೆ ಚುಚ್ಚಿತು.

ಕಾರಿನ ಸಾಮಾನು ಮಾರುವ ಅಂಗಡಿಯವನು ಫಳಫಳ ಹೊಳೆಯುವ ಫುಟ್‌ಬೋರ್ಡು ತೋರಿಸಿದ. ಅಡಿಯಲ್ಲಿ ನೀಲಿ ಲೈಟು ಬೇರೆ. ಬಾಗಿಲಲ್ಲಿ ನಿಂತಿದ್ದ ತನ್ನ ಸ್ವಂತ ಗಾಡಿಗೂ ಅದನ್ನೇ ಹಾಕಿಸಿದ್ದ.

"ಇದು ಚಾಸಿಗೆ ಬಿಗೀತೀರಾ?" ಅಂದೆ.

"ಯಾಕಣ್ಣ? ಬಾಡಿ ತಗಡಿಗೇ ಸ್ಕ್ರೂ ಹಾಕ್ತೀವಿ. ಅರ್ಧ ಗಂಟೆ ಕೆಲಸ."

"ಕಲ್ಲಿನ ಮೇಲೆ ಕೂತ್ರೆ?"

"ಕಲ್ಲಿನ ಮೇಲೆ ಯಾಕೆ ಕೂರಿಸ್ತೀರ? ರಸ್ತೇಲಿ ಓಡ್ಸಿ."

ನಾವು ವಾದ ಮಾಡುತ್ತಿದ್ದಾಗಲೇ ಅಮ್ಮ ಹೊರಗೆ ಹೋಗಿ ಅವನ ಗಾಡಿಯ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ಭಾರ ಬಿಟ್ಟಳು. ಕರ್ ಅಂತ ಸದ್ದಾಯಿತು. ಫುಟ್‌ಬೋರ್ಡು ಒಂದು ಕಡೆ ತಲೆ ಬಗ್ಗಿಸಿತು. ನೀಲಿ ಲೈಟು ಆರಿಹೋಯಿತು.

ಅಂಗಡಿಯವನು ಓಡಿ ಬಂದ. "ಅಯ್ಯೋ ಅಮ್ಮ, ಅದು ಶೋಗೆ ಇರೋದು."

"ಶೋಗಾದ್ರೆ ಗಾಜಿನ ಬೀರುವಲ್ಲಿಡಪ್ಪ" ಅಂದಳು ಅಮ್ಮ. "ಕಾಲ ಹತ್ರ ಯಾಕಿಟ್ಟಿದೀಯ?"

ನವಿಲು ಬೇಡ ಅಂದೆ

ಉಳಿದದ್ದು ಬೀರೂರಿನ ವೆಲ್ಡಿಂಗ್ ಅಂಗಡಿ. ವೆಲ್ಡಿಂಗಿನವನ ಕೈ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಹುಟ್ಟಿದಾಗಿನಿಂದ ಮಾಡಿದ್ದು ಮನೆ ಗೇಟು, ಕಿಟಕಿ ಗ್ರಿಲ್ಲು. ಈ ಸೀಮೆಯ ಗೇಟಿನ ಮೇಲಿರುವ ನವಿಲುಗಳಲ್ಲಿ ಮುಕ್ಕಾಲು ಅವನವೇ.

ಶನಿವಾರ ಬೆಳಿಗ್ಗೆ ಹೋಗಿ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ದಪ್ಪ ಪೈಪು ಆರಿಸಿದೆ. ಚಾಸಿಗೆ ಬೋಲ್ಟು ಹಾಕೋ ಬ್ರಾಕೆಟ್ಟು ಮಾಡಿಸಿದೆ. ಅಮ್ಮನ ಪಾದ ಹಿಡಿಯುವಷ್ಟು ಪೈಪು ಹೊರಗೆ ಚಾಚಿರಲಿ ಅಂದೆ.

"ನಡುವೆ ಖಾಲಿ ಕಾಣುತ್ತಣ್ಣ. ಒಂದು ನವಿಲು ಕೂರಿಸ್ಲಾ?"

"ಬೇಡ."

"ಹೋಗ್ಲಿ, ಹೂವು?"

"ಏನೂ ಬೇಡ ಕಣಪ್ಪ. ಇದು ಕಲ್ಲಿಗೆ ಉಜ್ಜೋ ಸಾಮಾನು."

ಮಧ್ಯಾಹ್ನ ಒಂದು ಗಳಿಗೆ ಟೀ ಕುಡಿದು ಬಂದೆ, ಅಷ್ಟೇ. ಎಡಗಡೆಯ ಪೈಪು ಗಾಡಿಗೆ ಕೂತಿತ್ತು. ಅದರ ಹೊರ ಅಂಚಿನಲ್ಲಿ ಕಬ್ಬಿಣದ್ದೊಂದು ಬಳೆ ಎದ್ದು ನಿಂತಿತ್ತು.

"ಇದೇನೋ?"

"ಗೇಟಿಗೆ ಬೀಗ ತಗಲಿಸೋ ಕಿವಿ ಅಣ್ಣ."

"ಇದಕ್ಯಾಕೋ ಬೀಗ?"

ಅವನು ತಲೆ ಕೆರೆದುಕೊಂಡ. "ಕೈ ತಾನಾಗೇ ಹಾಕ್ಬಿಡ್ತು. ತಡೀರಿ, ಕೊಯ್ದು ತೆಗೀತೀನಿ." ಕಟರು ಎತ್ತಿಕೊಂಡ, ಗುಂಡಿ ಒತ್ತಿದ. ಕರೆಂಟು ಹೋಯಿತು.

ಸಂಜೆಯಾದರೂ ಬರಲಿಲ್ಲ. ಬಲಗಡೆಯ ಪೈಪು ನೆಲದ ಮೇಲೆ ಹಾಗೇ ಬಿದ್ದಿತ್ತು. ಬೆಳಗಾದರೆ ಭಾನುವಾರ. ಒಂದೇ ಕಡೆ ಕಬ್ಬಿಣ ಹಾಕಿಸಿಕೊಂಡು ಮನೆಗೆ ಹೊರಟಾಗ ಅವನು ಕಿಟಕಿಯ ಹತ್ತಿರ ಬಂದು ಸಮಾಧಾನ ಹೇಳಿದ: "ಯೋಚ್ನೆ ಮಾಡ್ಬೇಡಿ ಅಣ್ಣ. ಕಲ್ಲು ಬಂದ್ರೆ ಎಡಗಡೇಗೇ ತಗೊಳ್ಳಿ."

ಒಡೆಯದ ಕಾಯಿ

ಗಾಡಿಗೆ ಹೊಸ ಕಬ್ಬಿಣ ಬಂದರೆ ಪೂಜೆ ಆಗದೆ ನಮ್ಮ ಮನೆಯಿಂದ ಹೊರಡೋ ಹಾಗಿಲ್ಲ. ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ಅಮ್ಮ ಪೈಪಿನ ಉದ್ದಕ್ಕೂ ಕುಂಕುಮ ಹಚ್ಚಿದಳು. ಕೋಳಿ ಫಾರಂನವನೂ ಇಸ್ತ್ರಿ ಪ್ಯಾಂಟು ಹಾಕಿಕೊಂಡು ಬಂದು ನಿಂತಿದ್ದ. ಗಾಡಿ ಗುಡ್ಡ ಹತ್ತೋದನ್ನ ಕಣ್ಣಾರೆ ನೋಡಬೇಕಂತೆ, ಅಪ್ಪನೇ ಬಾ ಅಂದಿದ್ದರಂತೆ.

ಕಾಯಿ ಒಡೆಯೋಕೆ ನಾನು ಕಲ್ಲು ತಂದಿಟ್ಟೆ. ಅಪ್ಪ ಅದನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿದರು. "ಕಲ್ಲಿಗಿಂತ ಗಟ್ಟಿ ಅಂದ್ಯಲ್ಲ" ಅಂತ ಸ್ಲೈಡರಿನ ಮೇಲೇ ಕಾಯಿ ಅಪ್ಪಳಿಸಿದರು.

ಕಾಯಿ ಒಡೆಯಲಿಲ್ಲ. ಪುಟಿದು, ಉರುಳಿಕೊಂಡು ಹೋಗಿ ಕೋಳಿ ಫಾರಂನವನ ಕಾಲ ಹತ್ತಿರ ನಿಂತಿತು. ಅಮ್ಮನ ತುಟಿಯ ಮೇಲಿದ್ದ ಮಂತ್ರ ನಿಂತುಹೋಯಿತು. ಅವನು ಕಾಯಿ ಎತ್ತಿಕೊಂಡು, ನನ್ನ ಮುಖ ನೋಡಿ, ಮೆಲ್ಲಗೆ ನಕ್ಕ.

ಅಪ್ಪ ಅವನ ಕೈಯಿಂದ ಕಾಯಿ ಕಿತ್ತುಕೊಂಡು ಇನ್ನೊಂದು ಏಟು ಹಾಕಿದರು. ಸರಿಯಾಗಿ ಎರಡು ಹೋಳಾಯಿತು. ಹೋಳು ಹೇಗೆ ಬಿತ್ತು ಅಂತ ಎಲ್ಲರೂ ನೋಡುತ್ತಿದ್ದರೆ ಅಪ್ಪ ಮಾತ್ರ ಬಗ್ಗಿ ಪೈಪು ಸವರಿ ನೋಡಿದರು. ಬಣ್ಣ ಒಂದಿಷ್ಟು ಹೋಗಿತ್ತು, ತಗ್ಗು ಬಿದ್ದಿರಲಿಲ್ಲ. "ಹ್ಞೂಂ" ಅಂದರು.

ನನಗೆ ಜೀವ ಬಂತು. "ಬಾಮ್ಮ, ಇದರ ಮೇಲೆ ಕಾಲಿಟ್ಟು ಹತ್ತು. ನಿನಗೇಂತ್ಲೇ ಮಾಡ್ಸಿದ್ದು."

ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಬುದ್ಧಿ ಇದೆಯೇನೋ ನಿಂಗೆ? ಕುಂಕುಮ ಇಟ್ಟಿರೋದ್ರ ಮೇಲೆ ಕಾಲಿಡ್ತಾರಾ?" ಅಂದವಳು, ಸ್ಲೈಡರಿಗೆ ಕೈಮುಗಿದು, ಅಡಿಗೆಮನೆಯಿಂದ ಸ್ಟೂಲು ತರಿಸಿಕೊಂಡು ಜೀಪು ಹತ್ತಿದಳು.

ಯಾರ ಗಾಡಿ

ಅಪ್ಪ ಮುಂದೆ ಎಡಗಡೆ ಕೂತರು. ಅಮ್ಮ, ಕೋಳಿ ಫಾರಂನವನು, ಸ್ಟೂಲು, ಕಾಯಿ ಹೋಳು ಹಿಂದೆ.

ಗಣಿ ದಾರಿಯಲ್ಲಿ ಕಂಡ ಕಲ್ಲನ್ನೆಲ್ಲ ಎಡಕ್ಕೇ ತೆಗೆದುಕೊಂಡೆ. ಒಂದು ಕಡೆ ಗಾಡಿ ಜಾರಿ ಕೂತಿತು. ಕಿರ್ ಅಂತ ಮೈ ಜುಮ್ಮೆನ್ನುವ ಸದ್ದು. ಸ್ಲೈಡರು ಕಲ್ಲಿನ ಮೇಲೆ ಜಾರಿಕೊಂಡು ದಾಟಿತು. ಅಪ್ಪ ತಮ್ಮ ಬಾಗಿಲು ತೆಗೆದರು, ಹಾಕಿದರು.

ಮೇಲಿನ ತಿರುವಿನಲ್ಲಿ ಗ್ರಹಚಾರ ಕಾದಿತ್ತು. ಮಳೆ ನೀರು ದಾರಿಯ ಬಲಗಡೆ ಕೊರಕಲು ಮಾಡಿತ್ತು. ಕೆಂಪು ಮಣ್ಣು ಕುಸಿದು ನನ್ನ ಕಡೆಯ ಚಕ್ರ ಎರಡೂ ಅದರಲ್ಲಿಳಿದವು. ಗಾಡಿ ಬಲಕ್ಕೆ ವಾಲಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಕಬ್ಬಿಣವಿಲ್ಲದ ನನ್ನ ಬಾಗಿಲಿನ ಕೆಳಗೆ, ಗೇಣು ದೂರದಲ್ಲಿ, ಒಂದು ಕರೀಕಲ್ಲು. ಇನ್ನೊಂದಿಷ್ಟು ವಾಲಿದರೆ ಬಾಗಿಲು ಹೋಯಿತು, ಬಾಗಿಲು ಹೋದರೆ ಗಾಡಿ ಹೋಯಿತು. ಬ್ರೇಕನ್ನು ಅದುಮಿ ಹಿಡಿದು ಕೂಗಿದೆ:

"ಎಲ್ಲ ಇಳೀರಿ. ಎಡಗಡೆ ಸ್ಲೈಡರ್ ಮೇಲೆ ನಿಂತ್ಕೊಂಡು ಭಾರ ಬಿಡಿ. ಆಗ ಗಾಡಿ ಏಳುತ್ತೆ."

ಇಳಿದರು. ಅಮ್ಮ ಸ್ಲೈಡರ್ ಮುಂದೆ ನಿಂತು ಸೆರಗು ಬಿಗಿದುಕೊಂಡಳು. "ನನ್ನ ಕೈಲಾಗಲ್ಲ ಕಣೋ. ಬೆಳಿಗ್ಗೆ ತಾನೇ ಪೂಜೆ ಮಾಡಿದೀನಿ." ಅಪ್ಪನೂ ಚಪ್ಪಲಿ ಬಿಟ್ಟು, ಕಾಲೆತ್ತಿ, ಹಿಂದಕ್ಕೆ ತೆಗೆದುಕೊಂಡರು. ಗಾಡಿ ಸಣ್ಣಗೆ ಇನ್ನಷ್ಟು ವಾಲಿತು.

ಕೋಳಿ ಫಾರಂನವನು ಹಿಂದೆ ಮುಂದೆ ನೋಡಲಿಲ್ಲ. ಅಷ್ಟು ದೊಡ್ಡ ದೇಹ ಹೊತ್ತು ಒಂದೇ ನೆಗೆತಕ್ಕೆ ಪೈಪಿನ ಮೇಲೆ ಹತ್ತಿ ನಿಂತು ಕೂಗಿಕೊಂಡ: "ಬೇಗ ಬನ್ನಿ ಯಜಮಾನ್ರೆ, ನಮ್ಮ ಗಾಡಿ ಹೋಗ್ತಾ ಇದೆ."

ಅಪ್ಪ ಅವನನ್ನೇ ನೋಡಿದರು. "ಯಾರ ಗಾಡಿ?"

"ನಮ್ದೇ. ಇವತ್ತಲ್ಲ ನಾಳೆ ನಮ್ದೇ ಅಲ್ವಾ?"

ಅಪ್ಪನ ಕಿವಿ ಕೆಂಪಗಾಯಿತು. ಹೆಗಲ ಟವೆಲ್ಲು ತೆಗೆದು ಪೈಪಿನ ಕುಂಕುಮವನ್ನು ಉದ್ದಕ್ಕೂ ಒರೆಸಿದರು. ಆ ಟವೆಲ್ಲನ್ನು ಕಣ್ಣಿಗೊತ್ತಿಕೊಂಡು ಹೆಗಲಿಗೆ ಹಾಕಿಕೊಂಡರು, ಕಾಲಿಟ್ಟು ಹತ್ತಿಯೇಬಿಟ್ಟರು. "ಬಾರೇ, ಹತ್ತು. ದೇವ್ರಿಗೆ ನಾನು ಹೇಳ್ಕೋತೀನಿ."

ಅಮ್ಮನಿಗೆ ಮಂಡಿ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೂರು ಜನ ಸಾಲಾಗಿ ನಿಂತು ಹಿಂದಕ್ಕೆ ವಾಲಿದರು. ಗಾಡಿ ನಿಧಾನವಾಗಿ ನೆಟ್ಟಗಾಯಿತು. ಲೋ ಗೇರಿಗೆ ಹಾಕಿ ಗಾಡಿ ಬಿಟ್ಟೆ. ಎಡ ಕಿಟಕಿಯ ತುಂಬ ಅಪ್ಪನ ಮುಖ. "ನಿಧಾನ ಕಣೋ ಮಗ, ನಿಧಾನ." ಮಗ ಅಂತ ಕರೆಸಿಕೊಂಡು ಎಷ್ಟು ಕಾಲವಾಗಿತ್ತೋ, ನನ್ನ ಕಣ್ಣು ಮಂಜಾಯಿತು, ಅದೂ ಗುಡ್ಡದ ತಿರುವಿನಲ್ಲಿ. ಕರೀಕಲ್ಲು ಹಿಂದಕ್ಕೆ ಸರಿಯಿತು.

ಮೇಲೆ ಸಮತಟ್ಟು ಬಂತು. ನಿಲ್ಲಿಸಿ ನನ್ನ ಬಾಗಿಲ ಹಿಡಿ ಎಳೆದೆ. ಟಕ್ ಅಂತ ತೆರೆದುಕೊಂಡಿತು. ಅಲ್ಲೇ ಸ್ಟೇರಿಂಗಿಗೆ ತಲೆ ಆನಿಸಿಕೊಂಡು ಕೂತೆ.

ಅಪ್ಪ ಇಳಿದು, ಉಳಿದ ಬಾಗಿಲುಗಳನ್ನೂ ತೆಗೆದು ಹಾಕಿ ನೋಡಿದರು, ಒಂದೂ ಸಿಕ್ಕಿಹಾಕಿಕೊಳ್ಳಲಿಲ್ಲ. ಅಮ್ಮ ಇಳಿದು, ಅಂಚಿಗೆ ಹೋಗಿ, ಕೆಳಗಿನ ಬಯಲು ನೋಡುತ್ತಾ ನಿಂತುಬಿಟ್ಟಳು. ಕೋಳಿ ಫಾರಂನವನು ಮಾತ್ರ ಇಳಿಯಲಿಲ್ಲ. ಇಳಿಯಲಾರ. ಅವನ ಇಸ್ತ್ರಿ ಪ್ಯಾಂಟಿನ ಅಂಚು ವೆಲ್ಡಿಂಗಿನವನ ಬೀಗದ ಕಿವಿಗೆ ಸಿಕ್ಕಿಕೊಂಡಿತ್ತು. ಎಳೆದರೆ ಹರಿಯುತ್ತೆ, ಬಿಟ್ಟರೆ ಬೀಳುತ್ತಾನೆ. ಅಪ್ಪ ಸಾವಕಾಶವಾಗಿ ಬಂದು ನೋಡಿದರು, ಬಿಡಿಸಲಿಲ್ಲ. ಕಾಯಿ ಹೋಳು ಒಂದನ್ನು ಅವನ ಕೈಗೆ ಕೊಟ್ಟು, "ತಿಂತಾ ಇರಪ್ಪ" ಅಂತ ಅಮ್ಮನ ಪಕ್ಕಕ್ಕೆ ಹೋಗಿ ನಿಂತರು.

ಕರೆಂಟು ಬಂದ ಮೇಲೆ ಬಲಗಡೆಯದನ್ನು ಹಾಕಿಸೋಕೆ ಬೀರೂರಿಗೆ ಹೊರಟೆ. ಕರೆಯದೇ ಇದ್ದರೂ ಅಪ್ಪ ಬಂದು ಮುಂದೆ ಕೂತರು. ನಮ್ಮನ್ನು ನೋಡಿದ ತಕ್ಷಣ ವೆಲ್ಡಿಂಗಿನವನು ನಾಚಿಕೊಂಡು, ಎಡಗಡೆಯ ಕಿವಿ ಕೊಯ್ಯೋಕೆ ಕಟರು ಎತ್ತಿಕೊಂಡ.

ಅಪ್ಪ ಅವನನ್ನು ತಡೆದರು. ಜೇಬಿನಿಂದ ತೋಟದ ಮನೆಯ ಹಳೇ ಬೀಗವೊಂದನ್ನು ತೆಗೆದು, ಆ ಕಿವಿಗೆ ಪೋಣಿಸಿ, ಒತ್ತಿ, ಎಳೆದು ನೋಡಿದರು.

"ಕೋಳಿಯೋನು ಟೇಪು ಹಿಡ್ಕೊಂಡು ಬಂದ್ರೆ ಗಾಡಿಗೆ ಬೀಗ ಹಾಕಿದೆ ಅನ್ನು."

"ಕೀಲಿ ಕೊಡಿ ಅಂದ್ರೆ?"

"ಎಲ್ಲಿಂದ ಕೊಡ್ಲಿ? ಅದು ಕಳೆದೋಗಿ ಯಾವ ಕಾಲವಾಯ್ತೋ."