ಬಂಗಡೆ, ಮೊಂಡು ಚಾಕು ಮತ್ತು ಒಂದು ಶಾರ್ಪನರ್

ವಯಸ್ಸಾದಂತೆ ಮನುಷ್ಯರು ಮೊದಲು ದೂರುವುದು ಸಾಮಾನುಗಳನ್ನು. ಅಕ್ಷರ ಕಾಣದಿದ್ದರೆ ಪೇಪರಿನವರ ಪ್ರಿಂಟಿಂಗ್ ಕೆಟ್ಟಿದೆ. ಮಾತು ಕೇಳದಿದ್ದರೆ ಟಿವಿಯ ಸ್ಪೀಕರ್ ಹೋಗಿದೆ. ನಾನು ದೂರಿದ್ದು ಚಾಕುವನ್ನು.

ಕುಮಟೆಯ ನಮ್ಮ ಮನೆಯಲ್ಲಿ ಮೀನು ಕೊಯ್ಯುವುದು ಮೊದಲಿನಿಂದಲೂ ನನ್ನ ಡಿಪಾರ್ಟ್‌ಮೆಂಟ್. ಮದುವೆಯಾಗಿ ಬಂದಾಗ ಕತ್ತರಿಸುವ ವಿದ್ಯೆ ಅಂತ ನನ್ನಲ್ಲಿದ್ದದ್ದು ಒಂದೇ: ಕಾನ್ವೆಂಟಿನ ಹೋಮ್ ಸೈನ್ಸ್ ಕ್ಲಾಸಿನಲ್ಲಿ ಕಲಿತಂತೆ ಸೌತೆಕಾಯಿ ಸ್ಯಾಂಡ್‌ವಿಚ್ಚನ್ನು ತ್ರಿಕೋನವಾಗಿ ಕೊಯ್ಯುವುದು. ಅದನ್ನು ಈ ಊರಿನಲ್ಲಿ ಇವತ್ತಿನವರೆಗೂ ಯಾರೂ ಕೇಳಿಲ್ಲ. ಪಾಪ, ಅತ್ತೆಯವರೇ ನೆಲದ ಮೇಲೆ ಕೂರಿಸಿ, ಮಣೆಗೆ ಬಿಗಿದ ಮೆಟ್ಟುಗತ್ತಿಯನ್ನು ಕಾಲಿನಲ್ಲಿ ಒತ್ತಿ ಹಿಡಿಯಲು ಕಲಿಸಿದರು. ಕತ್ತಿ ನಿಂತಲ್ಲೇ ನಿಲ್ಲುತ್ತದೆ, ಮೀನು ಹಿಡಿದ ಕೈ ಓಡಾಡುತ್ತದೆ. ಅವರು ಹೋದ ಮೇಲೂ ಆ ಮಣೆಯ ಮೇಲೆ ಕೂತಾಗಲೆಲ್ಲ ಪಕ್ಕದಲ್ಲಿ ಅವರು ಇದ್ದಂತೆಯೇ ಅನಿಸುತ್ತಿತ್ತು.

ಕಳೆದ ಮಳೆಗಾಲದಿಂದ ನನ್ನ ಮಂಡಿ ನೆಲಕ್ಕೆ ಇಳಿಯಲು ಒಪ್ಪುತ್ತಿಲ್ಲ. ಅಡುಗೆ ಕಟ್ಟೆಯ ಮುಂದೆ ನಿಂತುಕೊಂಡು ಚಾಕುವಿನಲ್ಲಿ ಕೊಯ್ಯಹೋದರೆ ಬಂಗಡೆ ಜಾರಿ ಸಿಂಕಿಗೆ ಹಾರುತ್ತಿತ್ತು. ಸೊಸೆ ವಿದ್ಯಾ ಮೆಲ್ಲಗೆ, "ಎಂತಕ್ಕೆ ಅತ್ತೆ ಇಷ್ಟು ಕಷ್ಟ? ಮಾರ್ಕೆಟ್ಟಲ್ಲೇ ಕೊಯ್ಸ್ಕಂಡು ತರ್ತೆ" ಎಂದಳು. ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಅದು ರಿಟೈರ್‌ಮೆಂಟ್ ಆರ್ಡರಿನಂತೆ ಕೇಳಿಸಿತು. ಹಾರ ಹಾಕುವುದೊಂದು ಬಾಕಿ. "ನನ್ನ ಕೈಯದ್ದು ಎಂತ ತಪ್ಪಿಲ್ಲ. ಚಾಕು ಮೊಂಡು, ಅಷ್ಟೇ" ಎಂದು ಘೋಷಿಸಿದೆ.

ಘೋಷಿಸಿದ ಮೇಲೆ ಶಾರ್ಪನರ್ ಹುಡುಕಲೇಬೇಕಲ್ಲ! ಫೋನಿನಲ್ಲಿ ವಿಡಿಯೋ ನೋಡಿದೆ. ಮಸೆಯುವ ಕಲ್ಲನ್ನು ನೀರಲ್ಲಿ ನೆನೆಸಿ, ಚಾಕುವನ್ನು ಸರಿಯಾದ ಆಂಗಲ್‌ನಲ್ಲೇ ಹಿಡಿಯಬೇಕಂತೆ. ಜಾಮೆಟ್ರಿ ನನಗೆ ಕಾನ್ವೆಂಟಿನಲ್ಲೂ ಹತ್ತಿರಲಿಲ್ಲ. ಇನ್ನೊಂದು ವಿಡಿಯೋದಲ್ಲಿ ಮಸೆಯುವ ಉಕ್ಕಿನ ಕೋಲು ಹಿಡಿದವನೊಬ್ಬ ಯಕ್ಷಗಾನದ ರಾಕ್ಷಸನಂತೆ ಎರಡೂ ಕೈ ಬೀಸುತ್ತಿದ್ದ. ನನ್ನ ಭುಜಕ್ಕೆ ಅದು ಆಗದು. ಕರೆಂಟಿನ ಶಾರ್ಪನರ್ ಕೊಂಡರೆ ನಮ್ಮೂರಿನ ಕರೆಂಟನ್ನು ನಂಬಿಕೊಂಡಿರಬೇಕು. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಉಪ್ಪಿನಕಾಯಿ ಭರಣಿ ತಳಕ್ಕೆ ತಿಕ್ಕೇ ಮಾರಾಯ್ತಿ" ಎಂದರು. ಭರಣಿಯ ತುಂಬ ಉಪ್ಪಿನಕಾಯಿ ಇದೆ, ಮಗುಚುವುದು ಹೇಗೆಂದು ಅವರು ಹೇಳಲಿಲ್ಲ.

ಕಡೆಗೆ ಮದುವೆಯೊಂದಕ್ಕೆ ಭಟ್ಕಳಕ್ಕೆ ಹೋದಾಗ, ಊಟ ಮುಗಿಸಿ ಫಾರಿನ್ ಸಾಮಾನಿನ ಅಂಗಡಿ ಹೊಕ್ಕೆ. ಅಂಗಡಿಯವರು ಎರಡು ಸೀಳುಗಳಿದ್ದ ಪುಟ್ಟ ಸಾಧನವೊಂದನ್ನು ಮುಂದಿಟ್ಟು, "ಮೊದಲು ಇದ್ರಲ್ಲಿ, ಆಮೇಲೆ ಇದ್ರಲ್ಲಿ. ಮೂರು ಮೂರು ಸಲ ಎಳೀರಿ ಅಮ್ಮಾ, ಬಸ್!" ಎಂದರು. "ಮುದುಕಿಯರ ಕೈಗೆ ಆಗ್ತದಾ?" ಎಂದೆ. "ನಮ್ಮ ಅಮ್ಮೀನೇ ಉಪಯೋಗಿಸ್ತಾರೆ." ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ?

ಮನೆಗೆ ಬಂದು ಎಳೆದೆ. ಚಾಕು ಕಾಗದವನ್ನು ಸದ್ದಿಲ್ಲದೆ ಸೀಳಿತು. ವಿದ್ಯಾಳನ್ನು ಕರೆದು ತೋರಿಸಿ, ಅದೇ ಉತ್ಸಾಹದಲ್ಲಿ ಬಂಗಡೆಗೆ ಕೈ ಹಾಕಿದೆ. ಚಾಕು ಹರಿತವಾಗಿತ್ತು, ನಿಜ. ಆದರೆ ನನ್ನ ಬಲಗೈ ಚಾಕುವನ್ನು ಕಟ್ಟೆಗೆ ಒತ್ತಿ ನಿಲ್ಲಿಸಿ, ಎಡಗೈ ಮೀನನ್ನೇ ಅದರತ್ತ ತಳ್ಳುತ್ತಿತ್ತು. ಇಷ್ಟು ವರ್ಷ ಕೈ ಕಲಿತ ಪಾಠ ಅದೊಂದೇ. ಮೀನು ಮತ್ತೆ ಸಿಂಕಿಗೆ. ಈ ಸಲ ಅರ್ಧ ಮಾತ್ರ. ಊಟದ ಹೊತ್ತಿಗೆ ನಮ್ಮವರು ತಟ್ಟೆ ನೋಡಿ, "ಇದು ಬಂಗಡೆ ಸಾರೋ, ಬಂಗಡೆ ಚಟ್ನಿಯೋ?" ಎಂದರು. ದೂರಲು ಸಾಮಾನು ಯಾವುದೂ ಉಳಿದಿರಲಿಲ್ಲ.

ಮುಂದಿನ ಭಾನುವಾರ ವಿದ್ಯಾ ಮೀನನ್ನು ಇಡಿಯಾಗಿಯೇ ತಂದಳು. ಅಟ್ಟದಿಂದ ಮೆಟ್ಟುಗತ್ತಿ ಇಳಿಸಿ, ತೊಳೆದು, ಊಟದ ಮೇಜಿನ ಮೇಲೆ ಇಟ್ಟಳು. "ಕುರ್ಚಿ ಮೇಲೆ ಕೂತ್ಕಳಿ ಅತ್ತೆ." ಕೂತೆ. "ಮಣೆ ಒತ್ತಿ ಹಿಡಿಯೋರು ಯಾರೇ? ಕಾಲಂತೂ ಮೇಜಿನ ಮೇಲೆ ಇಡ್ಲಿಕ್ಕಾಗ್ತಿಲ್ಲೆ." ಅವಳು ಪೇಪರಿನ ಕಡೆ ತಿರುಗಿದಳು. "ಮಾವಾ, ಇಲ್ಲಿ ಬನ್ನಿ."

ನಮ್ಮವರು ಎರಡೂ ಕೈಯಲ್ಲಿ ಮಣೆ ಒತ್ತಿ, "ಎಷ್ಟೊತ್ತು ಹಿಡೀಬೇಕು?" ಎಂದರು. "ಆತು ಅಂದ್ಮೇಲೆ ಬಿಡಿ" ಎಂದೆ. ತುಂಡುಗಳು ಸಮನಾಗಿ ಬಿದ್ದವು. ಆ ದಿನ ಚಟ್ನಿಯ ಮಾತು ಬರಲಿಲ್ಲ.

ಶಾರ್ಪನರ್ ಈಗಲೂ ಇದೆ. ಅದರಲ್ಲಿ ಎಳೆದ ಚಾಕುವಿನಲ್ಲಿ ಹಾಲಿನ ಪ್ಯಾಕೆಟ್ ಬಹಳ ನೀಟಾಗಿ ತೆರೆಯುತ್ತದೆ. ಮೊನ್ನೆ ಎದುರುಮನೆಯ ಶಾರದಾ, "ನಿಮ್ಮನೆ ಮೀನಿನ ತುಂಡು ಎಷ್ಟು ಚೆಂದ ಇರ್ತದೆ ಅಕ್ಕಾ! ಯಾವ ಶಾರ್ಪನರ್ ನಿಮ್ದು?" ಎಂದು ಕೇಳಿದಳು. ಭಟ್ಕಳದ್ದು, ಎರಡು ಸೀಳಿನದ್ದು, ಮೂರು ಮೂರು ಸಲ ಎಳೆಯಬೇಕು ಎಂದು ವಿವರವಾಗಿ ಹೇಳಿದೆ. ಮೀನು ಯಾವುದರಲ್ಲಿ ಕೊಯ್ಯುತ್ತೀರಿ ಎಂದು ಅವಳು ಕೇಳಲಿಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೆಯಬೇಕೆಂದು ಕಾನ್ವೆಂಟಿನಲ್ಲಿ ನಮಗೆ ಬಹಳ ಸ್ಟ್ರಿಕ್ಟಾಗಿ ಕಲಿಸಿದ್ದರು.