ಸಕ್ಕರೆ ಡಬ್ಬಿಯ ಮನಃಶಾಸ್ತ್ರ

ಬಿ.ಎ. ಓದುವಾಗ ನಾನು ಮನಃಶಾಸ್ತ್ರ ತೆಗೆದುಕೊಂಡದ್ದು ನಮ್ಮಪ್ಪ ಬಸಗೊಂಡಪ್ಪನವರ ಮನಸ್ಸಿಗೆ ಬಂದಿರಲಿಲ್ಲ. ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ನಮ್ಮದು ಕಿರಾಣಿ ಅಂಗಡಿ. ಧಾರವಾಡಕ್ಕೆ ಹೋದ ಮಗ ವಕೀಲನಾಗಿ ಬರುತ್ತಾನೆಂದು ಅವರು ನಂಬಿದ್ದರು. ನಾನೋ ಬೇಸಿಗೆ ರಜೆಗೆ ಬಂದು ಶಿಶು ಮನಃಶಾಸ್ತ್ರ, ಪಶು ಮನಃಶಾಸ್ತ್ರ, ವಿಕೃತ ಮನಃಶಾಸ್ತ್ರ ಎಂದು ಶಾಖೋಪಶಾಖೆಗಳನ್ನು ಬಣ್ಣಿಸತೊಡಗಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು.

"ಇದರಾಗ ಯಾವ ಟೊಂಗಿಗೆ ಹಣ್ಣು ಬಿಡತೈತಿ? ಉಪಯೋಗ ತೋರಿಸು, ಕಡೀ ವರ್ಷದ ಓದಿಗೆ ಕಳಸ್ತೇನಿ. ಇಲ್ಲಂದ್ರ ಅಂಗಡ್ಯಾಗ ಕೂಡು."

(ಪಶು ಮನಃಶಾಸ್ತ್ರವನ್ನು ನಮ್ಮ ಎಮ್ಮೆಯ ಮೇಲೆ ಆಗಲೇ ಪ್ರಯೋಗಿಸಿದ್ದೆ. ಅದರ ಮನಸ್ಸಿನಲ್ಲಿ ಏನಿತ್ತೆಂಬುದು ನನ್ನ ಮೊಣಕಾಲಿಗೆ ತಿಳಿಯಿತು.)

ಅಷ್ಟರಲ್ಲಿ ನನ್ನ ಪುಣ್ಯಕ್ಕೆ ಮನೆಯಲ್ಲಿ ಕಳವಾಯಿತು. ಯುದ್ಧದ ಕಾಲ, ಸಕ್ಕರೆಗೆ ರೇಷನ್ನು. ಬಬಲೇಶ್ವರದಿಂದ ಬರಲಿದ್ದ ಬೀಗರಿಗೆಂದು ಅವ್ವ ಗುರುಸಿದ್ದವ್ವ ಕೂಡಿಟ್ಟಿದ್ದ ಸಕ್ಕರೆ ದಿನದಿನಕ್ಕೆ ಇಳಿಯುತ್ತಿತ್ತು.

"ಇರುವಿ ತಿಂದಿರಬೇಕು ಬಿಡು" ಎಂದಳು ಅವ್ವ.

"ಹೌದ್ರಿ, ಇರುವೀನ ಖರೆ" ಎಂದಳು ನನ್ನ ಹೆಂಡತಿ ಮುರಿಗೆವ್ವ.

ಯಾವ ಇರುವೆ ಮುಚ್ಚಳ ತೆಗೆದು ತಿಂದು, ಮತ್ತೆ ಬಿಗಿಯಾಗಿ ಹಾಕಿ ಹೋಗುತ್ತದೆ? ಕಳ್ಳನನ್ನು ಶಾಸ್ತ್ರೋಕ್ತವಾಗಿ ಹಿಡಿಯುತ್ತೇನೆಂದು ಸಾರಿದೆ. ನಾನೊಂದು ಶಬ್ದ ಹೇಳುವುದು, ಎದುರಿನವರು ತಕ್ಷಣ ಮನಸ್ಸಿಗೆ ಬಂದದ್ದು ಹೇಳುವುದು. ಕಳ್ಳನಿಗೆ ಮಾತ್ರ ಉತ್ತರಕ್ಕೆ ತಡವಾಗುತ್ತದೆ.

ಮುರಿಗೆವ್ವ ನನ್ನನ್ನು ಅಡುಗೆಮನೆಗೆ ಕರೆದಳು. "ನಾಕು ಚಮಚಾ ಸಕ್ಕರಿಗೆ ಯಾಕ ಮನಿಮಂದಿ ಮಾರಿ ಕೆಡಸ್ತೀರಿ? ಸುಮ್ನಿರ್ರಿ."

"ಇದು ವಿಜ್ಞಾನ."

"ಹಂಗಾರ ಮಾವನವರನ್ನ ಬಿಟ್ಟು ಮಾಡ್ರಿ."

"ವಿಜ್ಞಾನಕ್ಕೆ ಮಾವನವರಿಲ್ಲ" ಎಂದು ಗಂಭೀರವಾಗಿ ನುಡಿದೆ. ಅಲ್ಲದೆ ವೈದ್ಯರು ಅಪ್ಪನಿಗೆ ಸಿಹಿ ಬಿಡಿಸಿ ವರ್ಷವಾಗಿತ್ತು. ಅವರ ಮೇಲೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಅಪ್ಪನ ಕಿಸೆಗಡಿಯಾರವನ್ನೇ ಇಸಿದುಕೊಂಡು ಪಡಸಾಲೆಯಲ್ಲಿ ಕೂತೆ. ಮೊದಲು ಅವ್ವ.

"ಒಲಿ?"

"ಹೊಗಿ."

"ಸಕ್ಕರಿ?"

"ಬೀಗರು."

ತಡವಿಲ್ಲ. ನಂತರ ಬಾಗಿಲ ಮರೆಯಿಂದ ಮುರಿಗೆವ್ವ.

"ಸಕ್ಕರಿ?"

"ಡಬ್ಬಿ."

"ಶಾಸ್ತ್ರ?"

"ಸಾಕ್ರಿ."

ಕೊನೆಗೆ ಅಪ್ಪ.

"ಬೆಲ್ಲ?"

"ಅಂಟು."

"ಅಂಗಡಿ?"

"ನೀನು."

"ಸಕ್ಕರಿ?"

ಗಡಿಯಾರ ಟಿಕ್ ಟಿಕ್ ಎಂದಿತು. ಅಪ್ಪ ಜಂತಿ ನೋಡಿದರು, ಅವ್ವನನ್ನು ನೋಡಿದರು, ಧೋತರದ ಚುಂಗು ಸರಿಮಾಡಿಕೊಂಡರು. ಬಹಳ ಹೊತ್ತಿನ ಮೇಲೆ "ಮಳಿ" ಎಂದರು.

ನನಗೆ ಆನಂದ ತಡೆಯಲಾಗಲಿಲ್ಲ. "ಸಿಕ್ಕಿತು. ಅಪ್ಪಾ, ಕಳ್ಳರು ನೀವ!" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ಏನು ಕೂಗಿದೆನೆಂದು ತಿಳಿಯಿತು.

ಅವ್ವ ಹಣೆ ಬಡಿದುಕೊಂಡಳು. "ನಮಗ ಮೊದಲ ಗೊತ್ತಿತ್ತಲೋ ಶಿವಯೋಗಿ. ದಿನಾ ಡಬ್ಬಿ ಒಂದೊಂದ ಹಲಗಿ ಮ್ಯಾಲ ಏರಿಸಾಕತ್ತಿದ್ನಿ. ಕೈ ನಿಲುಕದಂಗಾದ್ರ ತಾವ ಬಿಡತಿದ್ರು. ಮಾರಿ ಮ್ಯಾಲ ಅನ್ನೂದು ಏನಿತ್ತು?"

ಅಪ್ಪ ಸಾವಕಾಶ ಕೇಳಿದರು. "ಹಂಗಾರ ನಿನ್ನ ಶಾಸ್ತ್ರ ಖರೆ ಐತಿ?"

"ಖರೆ ಐತ್ರಿ."

"ಭೇಷ್. ಇಷ್ಟು ಬಂತಲ್ಲ, ಕಲತದ್ದು ಸಾಕು. ಅಂಗಡ್ಯಾಗ ದಿನಾ ಸುಳ್ಳು ಹೇಳೋ ಗಿರಾಕಿ ಬರ್ತಾರ. ನಾಳಿಂದ ನೀನ ಕೂಡು."

ನಾನು ಗಡಬಡಿಸಿ ಗಡಿಯಾರವನ್ನು ಅವರ ಮುಂದಿಟ್ಟೆ. "ಇಲ್ರಿ ಅಪ್ಪಾ, ನಂದ ತಪ್ಪಾಗೇತಿ. ಈ ಶಾಸ್ತ್ರಾನ ಸುಳ್ಳರಿ."

"ಸುಳ್ಳ ಶಾಸ್ತ್ರ ಕಲಿಯಾಕ ಮತ್ತ ಧಾರವಾಡಕ್ಕ ಯಾಕ ಹೋಗತಿ?" ಎಂದು ಅಪ್ಪ ಗಡಿಯಾರ ಕಿಸೆಗೆ ಹಾಕಿಕೊಂಡರು.

ಬೀಗರು ಬಂದ ದಿನ ನಾನು ಅಂಗಡಿಯಿಂದ ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದೆ. ಎಲ್ಲರಿಗೂ ಘಮಘಮಿಸುವ ಚಹ. ನನಗೂ ಬಂತು. ಒಂದು ಗುಟುಕು ಕುಡಿದು ಮುಖ ಕಿವುಚಿ ಮುರಿಗೆವ್ವನನ್ನು ನೋಡಿದೆ.

"ಸಕ್ಕರಿ?"

"ಇರುವಿ" ಎಂದಳು. ಒಂದು ಕ್ಷಣವೂ ತಡವಾಗಲಿಲ್ಲ.